ಒಟ್ಟಿಗೆ ಕೂತು ಮನನ ಮಾಡುವ ಕ್ರಮ

ಅಧ್ಯಾತ್ಮದ ಗ್ರಂಥಗಳನ್ನು ಒಟ್ಟಿಗೆ ಓದಬೇಕೆಂದು ಶುರುವಾಗುವ ಗುಂಪುಗಳು ಹೆಚ್ಚಾಗಿ ಎರಡು ರೀತಿಯಲ್ಲಿ ಹಾಳಾಗುತ್ತವೆ. ಒಂದೋ, ಚೆನ್ನಾಗಿ ಮಾತಾಡಬಲ್ಲ ಒಬ್ಬರು ಪ್ರವಚನಕಾರರಾಗಿ ಉಳಿದವರೆಲ್ಲ ತಲೆದೂಗುವವರಾಗುತ್ತಾರೆ. ಇಲ್ಲವೇ, ಪುಸ್ತಕ ತೆರೆದಿದ್ದರೂ ಮಾತು ಮಾತ್ರ ಸಂಸಾರದ ತಾಪತ್ರಯ, ರಾಜಕೀಯ, ಯಾರೋ ಕಳಿಸಿದ ವಿಡಿಯೊ ಇವುಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಎರಡಕ್ಕೂ ಮೂಲ ಒಂದೇ. ನಾವು ಯಾವ ಕೆಲಸಕ್ಕಾಗಿ ಸೇರುತ್ತಿದ್ದೇವೆ ಎಂಬುದನ್ನು ಮೊದಲ ದಿನವೇ ಯಾರೂ ತೀರ್ಮಾನಿಸಿರುವುದಿಲ್ಲ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ (2.4.5) ಯಾಜ್ಞವಲ್ಕ್ಯ ಹೆಂಡತಿ ಮೈತ್ರೇಯಿಗೆ ಆತ್ಮನ ವಿಷಯ ಹೇಳುತ್ತಾ ಮೂರು ಕೆಲಸಗಳನ್ನು ಹೆಸರಿಸುತ್ತಾನೆ: ಕೇಳಬೇಕು, ಮನನ ಮಾಡಬೇಕು, ನಿದಿಧ್ಯಾಸನ ಮಾಡಬೇಕು. ಕೇಳುವುದಕ್ಕೆ ಗುರುಗಳಿದ್ದಾರೆ, ಭಾಷ್ಯಗಳಿವೆ, ಪ್ರವಚನಗಳಿವೆ. ನಿದಿಧ್ಯಾಸನ, ಅಂದರೆ ತಿಳಿದದ್ದರಲ್ಲೇ ಮನಸ್ಸನ್ನು ನಿಲ್ಲಿಸುವ ಧ್ಯಾನ, ಅವರವರೇ ಕೂತು ಮಾಡಬೇಕಾದದ್ದು. ನಡುವಿನ ಮನನ, ಅಂದರೆ ಕೇಳಿದ್ದರ ಮೇಲೆ ಏಳುವ ಸಂಶಯಗಳನ್ನು ಯುಕ್ತಿಯಿಂದ ಬಗೆಹರಿಸಿಕೊಳ್ಳುವ ಕೆಲಸ, ಒಬ್ಬರೇ ಮಾಡಿದರೆ ಬಹುಬೇಗ ದಾರಿ ತಪ್ಪುತ್ತದೆ. ನಮ್ಮ ಸಂಶಯವನ್ನು ನಾವೇ ಎತ್ತಿ ನಾವೇ ಸಮಾಧಾನ ಹೇಳಿಕೊಳ್ಳುವಾಗ ನಮಗೆ ಇಷ್ಟವಾದ ಉತ್ತರವೇ ಗೆಲ್ಲುತ್ತದೆ. ಹಳೆಯ ಸುಭಾಷಿತವೊಂದು ಈ ಲೆಕ್ಕವನ್ನು ಸ್ಪಷ್ಟವಾಗಿ ಹಾಕಿಕೊಟ್ಟಿದೆ: ವಿದ್ಯೆಯ ಕಾಲು ಭಾಗ ಆಚಾರ್ಯರಿಂದ, ಕಾಲು ಭಾಗ ಶಿಷ್ಯನ ಸ್ವಂತ ಬುದ್ಧಿಯಿಂದ, ಕಾಲು ಭಾಗ ಸಹಪಾಠಿಗಳಿಂದ, ಉಳಿದ ಕಾಲು ಭಾಗ ಕಾಲ ಕಳೆದಂತೆ. ಅಧ್ಯಯನದ ಗುಂಪು ಈ ಮೂರನೆಯ ಕಾಲು ಭಾಗಕ್ಕಾಗಿ ಇದೆ. ಗುಂಪಿನ ಕೆಲಸ ಮನನ. ಎಷ್ಟು ಜನ ಇರಬೇಕು, ಎಷ್ಟು ಹೊತ್ತು ಕೂರಬೇಕು, ಯಾವ ಗ್ರಂಥ ಹಿಡಿಯಬೇಕು, ಯಾವ ಮಾತನ್ನು ತಡೆಯಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಇಲ್ಲಿಂದಲೇ ಹೊರಡುತ್ತದೆ.

ಜನ ಮತ್ತು ಹೊತ್ತು

ಪ್ರಶ್ನೋಪನಿಷತ್ತಿನಲ್ಲಿ ಋಷಿ ಪಿಪ್ಪಲಾದರ ಬಳಿ ಬಂದ ಜಿಜ್ಞಾಸುಗಳು ಆರು ಮಂದಿ. ಆರೂ ಜನ ಒಬ್ಬೊಬ್ಬರಾಗಿ ಪ್ರಶ್ನೆ ಕೇಳುತ್ತಾರೆ, ಆರಕ್ಕೂ ಪೂರ್ತಿ ಉತ್ತರ ಸಿಗುತ್ತದೆ. ಆರರಿಂದ ಹತ್ತು ಜನ ಒಳ್ಳೆಯ ಸಂಖ್ಯೆ. ನಾಲ್ಕಕ್ಕಿಂತ ಕಡಿಮೆಯಾದರೆ ಇಬ್ಬರು ಬಾರದ ದಿನ ಗೋಷ್ಠಿಯೇ ನಡೆಯುವುದಿಲ್ಲ. ಹನ್ನೆರಡು ದಾಟಿದರೆ ಒಂದೂವರೆ ಗಂಟೆಯಲ್ಲಿ ಎಲ್ಲರಿಗೂ ಬಾಯಿ ಬಿಡುವ ಅವಕಾಶ ಸಿಗುವುದಿಲ್ಲ. ಆಗ ಮಾತಾಡುವ ನಾಲ್ವರು, ಕೇಳುವ ಎಂಟು ಜನ ಎಂದು ಗುಂಪು ತಾನಾಗಿಯೇ ಒಡೆಯುತ್ತದೆ. ಆಸಕ್ತರು ಹೆಚ್ಚಿದ್ದರೆ ಎರಡು ಗುಂಪು ಮಾಡಿ. ಒಟ್ಟಿಗೇ ಇರಬೇಕೆಂಬ ಹಂಬಲವಿದ್ದರೆ ಓದು ಎಲ್ಲರೂ ಸೇರಿ, ಚರ್ಚೆ ನಾಲ್ಕೈದು ಜನರ ತುಕಡಿಗಳಲ್ಲಿ, ಕೊನೆಯ ಹದಿನೈದು ನಿಮಿಷ ಮತ್ತೆ ಸೇರುವುದು. ಯೆಹೂದಿಗಳ ಧರ್ಮಪಾಠದಲ್ಲಿ ಇಬ್ಬಿಬ್ಬರೇ ಎದುರುಬದುರು ಕೂತು ಗಟ್ಟಿಯಾಗಿ ಓದಿ, ಒಬ್ಬರ ಅರ್ಥವನ್ನು ಇನ್ನೊಬ್ಬರು ಪ್ರಶ್ನಿಸುವ ಹೆವ್ರುತಾ ಎಂಬ ಪದ್ಧತಿಯಿದೆ. ಮೌನಿಗಳು ಹೆಚ್ಚಿರುವ ಗುಂಪಿನಲ್ಲಿ ಮೊದಲ ಇಪ್ಪತ್ತು ನಿಮಿಷ ಹೀಗೆ ಜೋಡಿಯಾಗಿ ಓದಿಸಿದರೆ ಆಮೇಲೆ ದೊಡ್ಡ ವೃತ್ತದಲ್ಲಿ ಅವರ ಬಾಯಿ ತೆರೆಯುತ್ತದೆ.

ಸಮಯ ಒಂದೂವರೆ ಗಂಟೆ. ಒಂದು ಗಂಟೆಯಲ್ಲಿ ಚರ್ಚೆ ಕಾವೇರುವಷ್ಟರಲ್ಲಿ ಮುಗಿಸಬೇಕಾಗುತ್ತದೆ, ಎರಡು ಗಂಟೆಯಾದರೆ ಕೊನೆಯ ಅರ್ಧ ಗಂಟೆ ಬರೀ ಹರಟೆ. ವಾರಕ್ಕೊಮ್ಮೆ ಆದರೆ ಹಿಂದಿನ ಎಳೆ ನೆನಪಿರುತ್ತದೆ. ಹದಿನೈದು ದಿನಕ್ಕೊಮ್ಮೆ ಎಂದರೆ ಒಂದು ಸಲ ತಪ್ಪಿಸಿಕೊಂಡವರಿಗೆ ಒಂದು ತಿಂಗಳ ಅಂತರ ಬೀಳುತ್ತದೆ, ಅವರು ಮರಳಿ ಬರುವುದು ಕಷ್ಟ. ವಾರಕ್ಕೊಮ್ಮೆ ಆಗದಿದ್ದರೆ ತಿಂಗಳ ಮೊದಲ ಮತ್ತು ಮೂರನೆಯ ಇಂಥ ವಾರ ಎಂದು ಕಟ್ಟುನಿಟ್ಟಾಗಿ ಗೊತ್ತು ಮಾಡಿ. ಪ್ರತಿ ಸಲ ಎಲ್ಲರ ಅನುಕೂಲ ಕೇಳಿ ದಿನ ಹುಡುಕುವ ಗುಂಪು ಉಳಿಯುವುದಿಲ್ಲ.

ಶುರು ಹೇಳಿದ ಹೊತ್ತಿಗೇ ಆಗಬೇಕು, ಇಬ್ಬರೇ ಬಂದಿದ್ದರೂ ಸರಿ. ತಡವಾಗಿ ಬಂದವರಿಗಾಗಿ ಹಿಂದಿನದನ್ನು ಮತ್ತೆ ಹೇಳುವುದು ಬೇಡ. ಇದು ನಿಷ್ಠುರ ಎನಿಸಬಹುದು, ಆದರೆ ಕಾಯುವುದು ರೂಢಿಯಾದರೆ ಸಮಯಕ್ಕೆ ಬರುವವರಿಗೇ ಶಿಕ್ಷೆ.

ಗ್ರಂಥದ ಆಯ್ಕೆ

ಎಲ್ಲರೂ ಮೊದಲು ಭಗವದ್ಗೀತೆ ಎನ್ನುತ್ತಾರೆ. ಗೀತೆಯಲ್ಲಿ 18 ಅಧ್ಯಾಯ, 700 ಶ್ಲೋಕ. ವಾರಕ್ಕೆ 5 ಶ್ಲೋಕವೆಂದರೂ 140 ವಾರ ಬೇಕು. ನಡುವಿನ ರಜೆಗಳನ್ನು ಸೇರಿಸಿದರೆ ಮೂರು ವರ್ಷ. ಹೊಸ ಗುಂಪಿಗೆ ಇದು ಭಾರವಾದ ಸಂಕಲ್ಪ. ಮೊದಲನೆಯ ಅಧ್ಯಾಯದ ಹೆಸರುಗಳು, ಶಂಖಗಳು ಮುಗಿಯುವಷ್ಟರಲ್ಲೇ ಹುರುಪು ಇಳಿಯುತ್ತದೆ. ಗೀತೆಯೇ ಬೇಕೆಂದರೆ 12ನೆಯ ಅಥವಾ 15ನೆಯ ಅಧ್ಯಾಯ ಹಿಡಿಯಿರಿ. ಎರಡರಲ್ಲೂ ತಲಾ 20 ಶ್ಲೋಕ, ಎರಡು ತಿಂಗಳಲ್ಲಿ ಒಂದು ಅಧ್ಯಾಯ ಮುಗಿಸಿದ ತೃಪ್ತಿ ಸಿಗುತ್ತದೆ. ಆಮೇಲೆ 43 ಶ್ಲೋಕಗಳ ಮೂರನೆಯ ಅಧ್ಯಾಯ. 72 ಶ್ಲೋಕಗಳ ಎರಡನೆಯ ಅಧ್ಯಾಯಕ್ಕೆ ಕೈ ಹಾಕುವುದು ಗುಂಪು ಹದವಾದ ಮೇಲೆ.

ಉಪನಿಷತ್ತುಗಳಲ್ಲಿ ಕಠ ಉಪನಿಷತ್ತು ಆರಂಭಕ್ಕೆ ಒಳ್ಳೆಯದು. ನಚಿಕೇತನ ಕಥೆಯ ಹಿಡಿತವಿದೆ, ಎರಡು ಅಧ್ಯಾಯಗಳಲ್ಲಿ ಮೂರು ಮೂರು ವಲ್ಲಿಗಳೆಂಬ ಅಚ್ಚುಕಟ್ಟಾದ ವಿಂಗಡಣೆಯಿದೆ, ಶ್ರೇಯಸ್ಸು (ಒಳಿತು) ಮತ್ತು ಪ್ರೇಯಸ್ಸಿನ (ಇಷ್ಟವೆನಿಸುವುದರ) ಭಾಗದಲ್ಲಿ ಎಲ್ಲರಿಗೂ ಹೇಳಲು ಏನಾದರೂ ಇರುತ್ತದೆ. ಈಶಾವಾಸ್ಯ 18 ಮಂತ್ರಗಳದ್ದು, ಚಿಕ್ಕದು. ಆದರೆ 9ರಿಂದ 14ರವರೆಗಿನ ಮಂತ್ರಗಳು, ವಿದ್ಯೆ ಅವಿದ್ಯೆ ಮತ್ತು ಸಂಭೂತಿ ಅಸಂಭೂತಿಗಳ ಭಾಗ, ಗುಂಪನ್ನು ನಿಲ್ಲಿಸಿಬಿಡುತ್ತವೆ. ಅಷ್ಟಕ್ಕೇ ಮೂರು ಗೋಷ್ಠಿ ಮೀಸಲಿಡಿ. ಇಲ್ಲಿನ ವಿದ್ಯೆ ಎಂದರೆ ದೇವತಾಜ್ಞಾನ ಎಂದು ಶಂಕರಭಾಷ್ಯ ಹೇಳುವುದನ್ನು ಮೊದಲೇ ಓದಿಕೊಂಡು ಬರದಿದ್ದರೆ ‘ವಿದ್ಯೆಯಲ್ಲಿ ರತರಾದವರು ಇನ್ನೂ ಹೆಚ್ಚಿನ ಕತ್ತಲೆಗೆ ಹೋಗುತ್ತಾರೆ’ ಎಂಬ ಸಾಲಿನ ಮುಂದೆ ಎಲ್ಲರೂ ಸುಮ್ಮನೆ ಕೂರಬೇಕಾಗುತ್ತದೆ. ಮಾಂಡೂಕ್ಯದಲ್ಲಿ ಬರೀ 12 ಮಂತ್ರಗಳಿವೆ ಎಂದು ಅದನ್ನು ಮೊದಲಿಗೆ ಎತ್ತಿಕೊಳ್ಳಬೇಡಿ. ಅದನ್ನು ಗೌಡಪಾದರ 215 ಕಾರಿಕೆಗಳ (ವ್ಯಾಖ್ಯಾನರೂಪದ ಶ್ಲೋಕಗಳ) ಜೊತೆ ಓದುವುದು ರೂಢಿ, ಅವುಗಳ ಕೊನೆಯ ಭಾಗವಾದ ಅಲಾತಶಾಂತಿ ಪ್ರಕರಣ ನುರಿತವರಿಗೂ ಬೆವರಿಳಿಸುತ್ತದೆ.

ಹಾಜರಿ ಏರುಪೇರಾಗುವ ಗುಂಪಿಗೆ ಬಿಡಿಬಿಡಿಯಾಗಿ ನಿಲ್ಲುವ ಪಠ್ಯವೇ ಸರಿ. ವಚನಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ: ಒಂದು ಗೋಷ್ಠಿಗೆ ಒಂದೇ ವಚನ, ಅಲ್ಲಮನದಾದರೆ ಒಂದಕ್ಕೂ ಹೊತ್ತು ಸಾಲದು. 26 ವರ್ಗಗಳಲ್ಲಿ 423 ಗಾಥೆಗಳಿರುವ ಬೌದ್ಧರ ಧಮ್ಮಪದ, 81 ಪುಟ್ಟ ಅಧ್ಯಾಯಗಳ ಚೀನಾದ ದಾವ್ ದ ಜಿಂಗ್, ಮತ್ತಾಯನ ಸುವಾರ್ತೆಯ 5ರಿಂದ 7ನೆಯ ಅಧ್ಯಾಯದವರೆಗಿನ ಪರ್ವತಪ್ರಸಂಗ ಇವೂ ಹಾಗೆಯೇ. ನಿನ್ನೆ ಬಾರದವರು ಇಂದು ಬಂದರೂ ಪೂರ್ತಿ ಪಾಲ್ಗೊಳ್ಳಬಹುದು. ಹೆಜ್ಜೆಯ ಮೇಲೆ ಹೆಜ್ಜೆಯಾಗಿ ವಾದ ಕಟ್ಟುವ ಪಠ್ಯಗಳು, ಉದಾಹರಣೆಗೆ ಪತಂಜಲಿಯ ಸೂತ್ರಗಳು ಅಥವಾ ಛಾಂದೋಗ್ಯದ ಆರನೆಯ ಅಧ್ಯಾಯ, ತಪ್ಪದೆ ಬರುವ ಆರೇಳು ಜನರಿದ್ದಾಗ ಮಾತ್ರ.

ಎಲ್ಲರ ಕೈಯಲ್ಲೂ ಬೇರೆ ಬೇರೆ ಮುದ್ರಣವಿರುತ್ತದೆ, ಆಗ ಸಂಖ್ಯೆಗಳು ಕೈಕೊಡುತ್ತವೆ. ಗೀತೆಯ 13ನೆಯ ಅಧ್ಯಾಯ ಕೆಲವು ಮುದ್ರಣಗಳಲ್ಲಿ ಅರ್ಜುನನ ‘ಪ್ರಕೃತಿಂ ಪುರುಷಂ ಚೈವ’ ಎಂಬ ಪ್ರಶ್ನೆಯಿಂದ ಶುರುವಾಗುತ್ತದೆ, ಕೆಲವುಗಳಲ್ಲಿ ಆ ಶ್ಲೋಕವೇ ಇರುವುದಿಲ್ಲ. ಇಡೀ ಅಧ್ಯಾಯದ ಸಂಖ್ಯೆ ಒಂದೊಂದು ಸರಿಯುತ್ತದೆ. ಯೋಗಸೂತ್ರಗಳನ್ನು ಕೆಲವರು 195 ಎಣಿಸುತ್ತಾರೆ, ಕೆಲವರು 196. ವಚನಗಳ ಸಂಖ್ಯೆಯಂತೂ ಸಂಪುಟದಿಂದ ಸಂಪುಟಕ್ಕೆ ಬೇರೆ. ಆದ್ದರಿಂದ ಮುಂದಿನ ವಾರದ ಪಾಠವನ್ನು ಸಂಖ್ಯೆಯಿಂದ ಸೂಚಿಸದೆ ಮೊದಲ ಸಾಲಿನಿಂದ ಸೂಚಿಸಿ. ಅನುವಾದಗಳು ಬೇರೆ ಬೇರೆ ಇದ್ದರೆ ಒಳ್ಳೆಯದೇ, ಅವು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲೇ ಪ್ರಶ್ನೆ ಅಡಗಿರುತ್ತದೆ. ಮೂಲ ಪಾಠ ಮಾತ್ರ ಎಲ್ಲರ ಮುಂದೆ ಒಂದೇ ಇರಲಿ.

ಒಂದು ಗೋಷ್ಠಿ ಹೇಗೆ ನಡೆಯಬೇಕು

ಮೊದಲ ಐದು ನಿಮಿಷ ಮೌನ. ಯಾವ ಧ್ಯಾನಪದ್ಧತಿಯನ್ನೂ ಹೇಳಿಕೊಡುವುದು ಬೇಡ, ಹೊರಗಿನ ಓಟ ನಿಂತರೆ ಸಾಕು. ಆಮೇಲೆ ಪಠ್ಯವನ್ನು ಎರಡು ಸಲ ಗಟ್ಟಿಯಾಗಿ ಓದುವುದು, ಎರಡನೆಯ ಸಲ ಬೇರೆಯವರ ಧ್ವನಿಯಲ್ಲಿ. ಎರಡನೆಯ ಓದಿನಲ್ಲೇ ಕಿವಿ ನಿಜವಾಗಿ ತೆರೆಯುತ್ತದೆ, ಇದನ್ನು ಬಿಡಬೇಡಿ. ನಂತರ ಹದಿನೈದು ನಿಮಿಷ ಶ್ಲೋಕದ ಪದಗಳನ್ನು ಗದ್ಯದ ಕ್ರಮದಲ್ಲಿ ಜೋಡಿಸಿಕೊಳ್ಳುವುದು ಮತ್ತು ಪದಗಳ ಅರ್ಥ. ನಲವತ್ತು ನಿಮಿಷ ಚರ್ಚೆ. ಹತ್ತು ನಿಮಿಷ ಬದುಕಿಗೆ ಅನ್ವಯಿಸುವ ಮಾತು. ಉಳಿದದ್ದು ಬಗೆಹರಿಯದ ಪ್ರಶ್ನೆಗಳನ್ನು ಬರೆದಿಟ್ಟು ಮುಂದಿನ ಪಾಠ ಗೊತ್ತುಮಾಡಲು.

ಈ ಅನುಕ್ರಮದಲ್ಲಿ ಬದುಕಿಗೆ ಅನ್ವಯಿಸುವ ಮಾತು ಕೊನೆಗೆ ಬರುವುದು ಬಹಳ ಮುಖ್ಯ. ಬಹುಪಾಲು ಗುಂಪುಗಳು ಮೊದಲ ಓದು ಮುಗಿದ ಕೂಡಲೇ ‘ಇದು ನಮ್ಮ ಜೀವನಕ್ಕೆ ಹೇಗೆ ಅನ್ವಯವಾಗುತ್ತದೆ?’ ಎಂದು ಕೇಳುತ್ತವೆ. ಆ ಕ್ಷಣದಿಂದ ಶ್ಲೋಕ ನೆಪವಾಗುತ್ತದೆ, ನಮಗೆ ಮೊದಲೇ ಗೊತ್ತಿದ್ದ ನೀತಿಯನ್ನೇ ಅದರ ಬಾಯಲ್ಲಿ ಹೇಳಿಸುತ್ತೇವೆ.

ಒಂದು ಶ್ಲೋಕವನ್ನು ಹತ್ತಿರದಿಂದ ನೋಡೋಣ. ಗೀತೆಯ 2.47, ‘ಕರ್ಮಣ್ಯೇವಾಧಿಕಾರಸ್ತೇ ಮಾ ಫಲೇಷು ಕದಾಚನ, ಮಾ ಕರ್ಮಫಲಹೇತುರ್ಭೂಃ ಮಾ ತೇ ಸಂಗೋಽಸ್ತ್ವಕರ್ಮಣಿ’. ಎಲ್ಲರಿಗೂ ಬಾಯಿಗೆ ಬರುವ ಶ್ಲೋಕ, ಆದ್ದರಿಂದಲೇ ಅಪಾಯ. ನಡೆಸುವವರು ಮೊದಲು ಕೇಳಬೇಕಾದದ್ದು: ಇಲ್ಲಿ ಎಷ್ಟು ಮಾತುಗಳಿವೆ? ನಾಲ್ಕು. ಕರ್ಮದಲ್ಲೇ ನಿನಗೆ ಅಧಿಕಾರ. ಫಲಗಳಲ್ಲಿ ಎಂದಿಗೂ ಇಲ್ಲ. ಕರ್ಮಫಲಕ್ಕೆ ನೀನು ಕಾರಣನಾಗಬೇಡ. ಕರ್ಮ ಮಾಡದಿರುವುದರಲ್ಲೂ ನಿನಗೆ ಅಂಟು ಬೇಡ. ಜನ ಉಲ್ಲೇಖಿಸುವುದು ಮೊದಲೆರಡನ್ನು. ಮೂರನೆಯದು ಎರಡನೆಯದಕ್ಕಿಂತ ಹೇಗೆ ಬೇರೆ ಎಂದು ಕೇಳಿದರೆ ವೃತ್ತದಲ್ಲಿ ಮೌನ ಆವರಿಸುತ್ತದೆ, ಆ ಮೌನದಿಂದಲೇ ಚರ್ಚೆ ಶುರು. ಆ ಮೌನವನ್ನು ಒಂದು ನಿಮಿಷ ಹಾಗೇ ಬಿಡಬೇಕು, ಯಾರೂ ತುಂಬಬಾರದು.

ಮುಂದಿನ ಪ್ರಶ್ನೆ: ಈ ಮಾತನ್ನು ಹೇಳುತ್ತಿರುವುದು ಯಾರಿಗೆ? ಯುದ್ಧ ಬಿಟ್ಟು ಭಿಕ್ಷೆ ಬೇಡುವುದೇ ಮೇಲು ಎಂದು ಸ್ವಲ್ಪ ಮೊದಲು (2.5) ಹೇಳಿದವನಿಗೆ. ಅದು ನೆನಪಾದೊಡನೆ ನಾಲ್ಕನೆಯ ಮಾತಿನ ತೂಕ ಗೊತ್ತಾಗುತ್ತದೆ, ಅರ್ಜುನನ ಅಂಟು ಇದ್ದದ್ದೇ ಅಕರ್ಮದಲ್ಲಿ. ಈಗ ಭಾಷ್ಯಗಳಿಗೆ ಹೋಗಬಹುದು. ಶಂಕರರು ‘ಕರ್ಮದಲ್ಲೇ’ ಎಂಬುದನ್ನು ಜ್ಞಾನನಿಷ್ಠೆಗೆ ಎದುರಿಟ್ಟು ಓದುತ್ತಾರೆ: ನಿನಗೆ ಸದ್ಯಕ್ಕೆ ಅಧಿಕಾರವಿರುವುದು ಕರ್ಮದಲ್ಲಿ, ಜ್ಞಾನನಿಷ್ಠೆಯಲ್ಲಿ ಅಲ್ಲ. ರಾಮಾನುಜರು ಅದನ್ನು ಫಲಕ್ಕೆ ಎದುರಿಟ್ಟು ಓದುತ್ತಾರೆ: ನಿತ್ಯ (ದಿನವೂ ಮಾಡುವ), ನೈಮಿತ್ತಿಕ (ಸಂದರ್ಭ ಬಂದಾಗ ಮಾಡುವ), ಕಾಮ್ಯ (ಬಯಕೆಯಿಂದ ಮಾಡುವ) ಯಾವುದೇ ಕರ್ಮವಿರಲಿ, ಮುಮುಕ್ಷುವಾದ, ಅಂದರೆ ಮೋಕ್ಷ ಬಯಸುವ ನಿನಗೆ ಕರ್ಮಮಾತ್ರದಲ್ಲಿ ಅಧಿಕಾರ, ಅದಕ್ಕೆ ಅಂಟಿ ಬರುವ ಫಲಗಳಲ್ಲಿ ಇಲ್ಲ. ಒಂದು ಓದಿನಲ್ಲಿ ಶ್ಲೋಕ ಸಾಧಕನ ಹಂತವನ್ನು ಹೇಳುತ್ತಿದೆ, ಇನ್ನೊಂದರಲ್ಲಿ ಸಾಧನೆಯ ರೀತಿಯನ್ನು. ನಲವತ್ತು ನಿಮಿಷ ಇಷ್ಟಕ್ಕೇ ಬೇಕು. ಇದಾದ ಮೇಲೆ ಕೊನೆಯ ಹತ್ತು ನಿಮಿಷದಲ್ಲಿ ಯಾರಾದರೂ ತಮ್ಮ ಉದ್ಯೋಗದ ಮಾತು ತೆಗೆದರೆ ಆ ಮಾತಿಗೆ ಬೇರೆಯೇ ಆಳ ಬಂದಿರುತ್ತದೆ, ಏಕೆಂದರೆ ಅವರು ಈಗ ನಾಲ್ಕೂ ಮಾತುಗಳ ಮುಂದೆ ತಮ್ಮನ್ನು ನಿಲ್ಲಿಸಿಕೊಳ್ಳುತ್ತಿದ್ದಾರೆ.

ನಡೆಸುವವರ ಕೆಲಸ

ಗೋಷ್ಠಿ ನಡೆಸುವವರು ಎಲ್ಲರಿಗಿಂತ ಹೆಚ್ಚು ಬಲ್ಲವರಾಗಿರಬೇಕಿಲ್ಲ. ಹೆಚ್ಚು ಬಲ್ಲವರಿಗೆ ಆ ಹೊಣೆ ಕೊಡದಿರುವುದೇ ವಾಸಿ, ಅವರನ್ನು ತುಂಬ ತೊಡಕಿನ ಪ್ರಶ್ನೆ ಬಂದಾಗ ಕೇಳಿದರೆ ಸಾಕು. ನಡೆಸುವ ಸರದಿ ಸುತ್ತುತ್ತಿರಲಿ, ಒಬ್ಬರು ಒಂದು ಅಧ್ಯಾಯ ಅಥವಾ ನಾಲ್ಕು ಗೋಷ್ಠಿ. ಪ್ರತಿ ವಾರವೂ ಬದಲಾದರೆ ಯಾರಿಗೂ ಎಳೆ ಸಿಗುವುದಿಲ್ಲ.

ಅವರ ಬಳಿ ಇರಬೇಕಾದ ಮುಖ್ಯ ಉಪಕರಣ ಒಂದು ಪ್ರಶ್ನೆ: ‘ಈ ಮಾತು ಎಲ್ಲಿದೆ?’ ಚರ್ಚೆಯಲ್ಲಿ ಮೂರು ಬಗೆಯ ಮಾತುಗಳು ಒಂದರೊಳಗೊಂದು ಬೆರೆತು ಬರುತ್ತವೆ. ಮೂಲ ಹೇಳಿದ್ದು, ಭಾಷ್ಯಕಾರರು ಹೇಳಿದ್ದು, ನನಗೆ ತೋಚಿದ್ದು. ಮೂರಕ್ಕೂ ಜಾಗವಿದೆ, ಆದರೆ ಮಾತಾಡುವವರು ಇದು ಯಾವುದು ಎಂದು ಹೇಳಿಯೇ ಮಾತಾಡಬೇಕು. ‘ಉಪನಿಷತ್ತು ಹೇಳುತ್ತದೆ’ ಎಂದು ಶುರುವಾಗುವ ವಾಕ್ಯಗಳಲ್ಲಿ ಎಷ್ಟೋ ಯಾವ ಉಪನಿಷತ್ತಿನಲ್ಲೂ ಇರುವುದಿಲ್ಲ. ಈ ಒಂದು ಶಿಸ್ತು ಎರಡು ತಿಂಗಳು ಬಿಡದೆ ನಡೆದರೆ ಗುಂಪಿನ ಗುಣವೇ ಬದಲಾಗುತ್ತದೆ.

ಮಾತಿನ ಹಂಚಿಕೆಗೆ ಎರಡು ನಿಯಮ ಸಾಕು. ಒಂದು ಸಲಕ್ಕೆ ಎರಡು ನಿಮಿಷ. ಎರಡು ಸಲ ಮಾತಾಡಿದವರು ಬೇರೆ ಇಬ್ಬರು ಮಾತಾಡುವವರೆಗೆ ಕಾಯಬೇಕು. ಮೊದಲ ದಿನವೇ ಎಲ್ಲರ ಎದುರು ಇದನ್ನು ಒಪ್ಪಿಕೊಂಡಿದ್ದರೆ ಆಮೇಲೆ ತಡೆದಾಗ ಯಾರಿಗೂ ಮುಖಭಂಗ ಆಗುವುದಿಲ್ಲ. ನಡುವೆ ಹೊಸ ನಿಯಮ ತಂದರೆ ಅದು ಒಬ್ಬ ವ್ಯಕ್ತಿಗೆಂದೇ ತಂದದ್ದು ಎಂದು ಎಲ್ಲರಿಗೂ ಗೊತ್ತಾಗುತ್ತದೆ.

‘ನನಗೆ ಗೊತ್ತಿಲ್ಲ’ ಎನ್ನುವುದಕ್ಕೆ ಗೌರವ ಸಿಗುವಂತೆ ನೋಡಿಕೊಳ್ಳುವುದೂ ನಡೆಸುವವರ ಹೊಣೆ. ಪ್ರಶ್ನೋಪನಿಷತ್ತಿನ ಆರನೆಯ ಪ್ರಶ್ನೆ ಹುಟ್ಟಿದ್ದೇ ಹೀಗೆ. ಕೋಸಲದ ರಾಜಪುತ್ರ ಹಿರಣ್ಯನಾಭ ಹದಿನಾರು ಕಲೆಗಳ (ಅಂಶಗಳ) ಪುರುಷನ ಬಗ್ಗೆ ಕೇಳಿದಾಗ, ಆ ಆರು ಜನರಲ್ಲೊಬ್ಬನಾದ ಸುಕೇಶ ತನಗೆ ತಿಳಿಯದು ಎಂದುಬಿಟ್ಟ. ಸುಳ್ಳು ಹೇಳಿದವನು ಬುಡಸಮೇತ ಒಣಗಿಹೋಗುತ್ತಾನೆ, ಅದಕ್ಕೆ ಸುಳ್ಳು ಹೇಳಲಾರೆ ಎಂದ. ರಾಜಪುತ್ರ ಮಾತಿಲ್ಲದೆ ರಥ ಹತ್ತಿ ಹೊರಟುಹೋದ. ಆ ಪ್ರಶ್ನೆಯನ್ನೇ ಸುಕೇಶ ಪಿಪ್ಪಲಾದರ ಮುಂದೆ ತಂದಿಟ್ಟ. ಪಿಪ್ಪಲಾದರಾದರೂ ಆರು ಜನರಿಗೆ ಮೊದಲೇ ಹೇಳಿದ್ದು, ಒಂದು ವರ್ಷ ಇಲ್ಲಿರಿ, ಆಮೇಲೆ ಕೇಳಿ, ನಮಗೆ ತಿಳಿದಿದ್ದರೆ ಎಲ್ಲವನ್ನೂ ಹೇಳುತ್ತೇವೆ ಎಂದು. ತಿಳಿದಿದ್ದರೆ ಎಂದು ಋಷಿಯೇ ಹೇಳಿರುವಾಗ ನಮಗೆ ಸಂಕೋಚ ಏಕೆ?

ಇದಕ್ಕೆ ಪೂರಕವಾಗಿ ಒಂದು ನೋಟ್‌ಪುಸ್ತಕ ಇಡಿ. ಬಗೆಹರಿಯದ ಪ್ರಶ್ನೆ, ದಿನಾಂಕ, ಯಾವ ಸಾಲಿನ ಮೇಲೆ ಹುಟ್ಟಿತು, ಇಷ್ಟು ಮಾತ್ರ ಬರೆಯುವುದು. ಪ್ರತಿ ಎಂಟನೆಯ ಗೋಷ್ಠಿಯನ್ನು ಹೊಸ ಪಾಠವಿಲ್ಲದೆ ಈ ಪುಸ್ತಕಕ್ಕೇ ಮೀಸಲಿಡಿ. ಹಿಂದೆ ಬೆಟ್ಟದಂತೆ ಕಂಡ ಪ್ರಶ್ನೆಗಳಲ್ಲಿ ಎಷ್ಟೋ ಮುಂದಿನ ಪಾಠದಲ್ಲೇ ಕರಗಿರುತ್ತವೆ. ಉಳಿದವು ಗಟ್ಟಿ ಪ್ರಶ್ನೆಗಳು, ಅವನ್ನು ಬಲ್ಲ ವಿದ್ವಾಂಸರ ಬಳಿ ಒಯ್ಯಲು ಯೋಗ್ಯವಾದವು. ವಿದ್ವಾಂಸರನ್ನು ಕರೆಸುವುದಿದ್ದರೂ ಉಪನ್ಯಾಸಕ್ಕೆಂದು ಕರೆಯಬೇಡಿ, ಈ ಪ್ರಶ್ನೆಗಳ ಪಟ್ಟಿಯನ್ನು ಒಂದು ವಾರ ಮೊದಲೇ ಕಳಿಸಿ ಕರೆಯಿರಿ.

ವಾದ ಯಾವಾಗ ಜಗಳವಾಗುತ್ತದೆ

ತರ್ಕಶಾಸ್ತ್ರದ ಮೂಲಗ್ರಂಥವಾದ ನ್ಯಾಯಸೂತ್ರಗಳು (1.2.1ರಿಂದ 3) ಮೂರು ಬಗೆಯ ಚರ್ಚೆಯನ್ನು ಬೇರ್ಪಡಿಸಿವೆ. ವಾದ ತತ್ತ್ವ ತಿಳಿಯಲಿಕ್ಕೆ. ಜಲ್ಪ ಗೆಲ್ಲಲಿಕ್ಕೆ, ಅದರಲ್ಲಿ ಎದುರಾಳಿಯ ಮಾತನ್ನು ತಿರುಚುವ ಛಲವೂ ಸೇರುತ್ತದೆ. ತನ್ನದೆಂಬ ಪಕ್ಷವೇ ಇಲ್ಲದೆ ಇನ್ನೊಬ್ಬರದನ್ನು ಒಡೆಯುವುದೇ ವಿತಂಡ. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯ ವೈದ್ಯರ ಚರ್ಚೆಯ ವಿಷಯದಲ್ಲಿ ಸಂಧಾಯ ಸಂಭಾಷೆ, ವಿಗೃಹ್ಯ ಸಂಭಾಷೆ ಎಂದು ಎರಡು ಮಾಡುತ್ತದೆ, ಕೂಡಿ ಮಾತಾಡುವುದು ಮತ್ತು ಎದುರಾಗಿ ಮಾತಾಡುವುದು. ಅಲ್ಲೊಂದು ಚೆಂದದ ಗಮನಿಕೆಯಿದೆ: ಗುರು ಪ್ರಸನ್ನನಾಗಿ ಶಿಷ್ಯನಿಗೆ ಸ್ವಲ್ಪ ಸ್ವಲ್ಪವಾಗಿ ಹೇಳಿದ ಗುಟ್ಟಿನ ವಿಷಯವನ್ನೂ ಆ ಶಿಷ್ಯ ಚರ್ಚೆಯ ಹುರುಪಿನಲ್ಲಿ, ಗೆಲ್ಲುವ ಆಸೆಯಿಂದ, ಒಟ್ಟಿಗೇ ಹೊರಗೆಡವುತ್ತಾನಂತೆ. ಸಹಪಾಠಿಗಳ ಚರ್ಚೆಯನ್ನು ಆ ಗ್ರಂಥ ಹೊಗಳುವುದಕ್ಕೆ ಇದೂ ಒಂದು ಕಾರಣ. ಸ್ವಲ್ಪ ಕಾವು ಇರುವುದು ತಪ್ಪಲ್ಲ.

ಕಾವು ಕೈಮೀರಿದ್ದಕ್ಕೆ ಗುರುತುಗಳಿವೆ. ಮಾತು ‘ಈ ಸಾಲು’ ಎಂಬುದರಿಂದ ‘ನೀವು’ ಎಂಬುದಕ್ಕೆ ತಿರುಗುತ್ತದೆ. ಒಂದೇ ಮಾತನ್ನು ಇನ್ನೂ ಗಟ್ಟಿ ಧ್ವನಿಯಲ್ಲಿ ಮೂರನೆಯ ಸಲ ಹೇಳಲಾಗುತ್ತದೆ. ಚರ್ಚೆ ಇಬ್ಬರ ನಡುವೆ ಮಾತ್ರ ಓಡಾಡುತ್ತಿರುತ್ತದೆ. ಆಗ ನಡೆಸುವವರು ಪಕ್ಷಗಳನ್ನು ಅದಲುಬದಲು ಮಾಡಿಸಬೇಕು. ಮೊದಲನೆಯವರು ಎರಡನೆಯವರ ನಿಲುವನ್ನು, ಅವರು ‘ಹೌದು, ನಾನು ಹೇಳಿದ್ದು ಇದೇ’ ಎನ್ನುವ ತನಕ, ತಮ್ಮ ಮಾತಿನಲ್ಲಿ ಹೇಳಬೇಕು. ಆಮೇಲೆ ಮಾತ್ರ ಖಂಡನೆ. ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಅದರ ಪೂರ್ತಿ ಬಲದಲ್ಲಿ ಮಂಡಿಸಿ ಆಮೇಲೆ ಸಿದ್ಧಾಂತ ಹೇಳುವುದು ನಮ್ಮ ಭಾಷ್ಯಗಳ ರೂಢಿಯೇ ಆಗಿದೆ. ಬಹುಪಾಲು ಜಗಳಗಳು ಈ ಹಂತದಲ್ಲೇ ಮುಗಿಯುತ್ತವೆ, ಏಕೆಂದರೆ ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿದ್ದರು ಎಂದು ಬಯಲಾಗುತ್ತದೆ.

ಗ್ರಂಥದ ತಾತ್ಪರ್ಯವೇನು ಎಂಬ ಬಗ್ಗೆ ವಿವಾದವಾದರೆ ವೇದವಾಕ್ಯಗಳ ಅರ್ಥನಿರ್ಣಯ ಮಾಡುವ ಮೀಮಾಂಸಕರು ಕೊಟ್ಟ ಆರು ಲಿಂಗಗಳನ್ನು, ಅಂದರೆ ಗುರುತುಗಳನ್ನು ಬಳಸಿ: ಉಪಕ್ರಮ ಮತ್ತು ಉಪಸಂಹಾರ (ಆರಂಭ ಮತ್ತು ಮುಕ್ತಾಯ), ಅಭ್ಯಾಸ (ಮತ್ತೆ ಮತ್ತೆ ಹೇಳುವುದು), ಅಪೂರ್ವತೆ (ಬೇರೆಡೆ ಸಿಗದ ಹೊಸತು), ಫಲ (ಪ್ರಯೋಜನ), ಅರ್ಥವಾದ (ಹೊಗಳಿಕೆ), ಉಪಪತ್ತಿ (ಯುಕ್ತಿ). ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿ ಇದನ್ನು ಮಾಡಿ ನೋಡಬಹುದು. ಒಂದೇ ಆದ, ಎರಡನೆಯದಿಲ್ಲದ ಸತ್ತಿನ (ಇರುವಿಕೆಯ) ಮಾತಿನಿಂದ ಉಪದೇಶ ಆರಂಭವಾಗುತ್ತದೆ, ಅದೇ ಸತ್ತು ಎಲ್ಲದರ ಆತ್ಮ ಎಂಬಲ್ಲಿಗೆ ಮುಗಿಯುತ್ತದೆ. ‘ತತ್ತ್ವಮಸಿ’ ಒಂಬತ್ತು ಸಲ ಬರುತ್ತದೆ. ಮಣ್ಣು ಮತ್ತು ಮಡಕೆಯ ದೃಷ್ಟಾಂತ ಯುಕ್ತಿಯ ಕೆಲಸ ಮಾಡುತ್ತದೆ. ಇಷ್ಟಾದ ಮೇಲೂ ಅದ್ವೈತಿಗಳು ಇದನ್ನು ‘ತತ್ ತ್ವಮ್ ಅಸಿ’ (ಅದು ನೀನೇ) ಎಂದು ಐಕ್ಯಪರವಾಗಿ ಓದುತ್ತಾರೆ, ಮಧ್ವರು ಹಿಂದಿನ ಪದದೊಡನೆ ಸಂಧಿ ಬಿಡಿಸಿ ‘ಅತತ್ ತ್ವಮ್ ಅಸಿ’ (ಅದು ನೀನಲ್ಲ) ಎಂದು ಭೇದಪರವಾಗಿ ಓದುತ್ತಾರೆ. ಬೇರೆ ಬೇರೆ ಸಂಪ್ರದಾಯದವರು ಇರುವ ಗುಂಪಿನಲ್ಲಿ ಇದನ್ನು ತೀರ್ಮಾನಿಸಲು ಹೋಗಬೇಡಿ. ಎರಡೂ ಓದು ಯಾವ ಆಧಾರದ ಮೇಲೆ ನಿಂತಿವೆ ಎಂದು ಎಲ್ಲರಿಗೂ ಅರ್ಥವಾದರೆ ಅಂದಿನ ಕೆಲಸ ಆಯಿತು. ಎಲ್ಲ ಮತಗಳೂ ಕೊನೆಗೆ ಒಂದನ್ನೇ ಹೇಳುತ್ತವೆ ಎಂದು ಮುಗಿಸಿಬಿಡುವುದೂ ಸರಿಯಲ್ಲ. ಅದು ಸೌಹಾರ್ದದಂತೆ ಕಂಡರೂ ಆಯಾ ಆಚಾರ್ಯರು ಜೀವ ತೇಯ್ದು ಕಟ್ಟಿದ ವಾದಕ್ಕೆ ಕಿವಿ ಮುಚ್ಚಿಕೊಂಡಂತೆ.

ಪ್ರಶ್ನೆಗೂ ಒಂದು ಎಲ್ಲೆಯಿದೆ. ಬೃಹದಾರಣ್ಯಕದಲ್ಲಿ ಗಾರ್ಗಿ ಇದು ಯಾವುದರಲ್ಲಿ ಹೆಣೆದಿದೆ, ಅದು ಯಾವುದರಲ್ಲಿ ಎಂದು ಕೇಳುತ್ತಾ ಬ್ರಹ್ಮಲೋಕದವರೆಗೆ ಹೋದಾಗ ಯಾಜ್ಞವಲ್ಕ್ಯ ಅತಿಯಾಗಿ ಕೇಳಬೇಡ ಎಂದು ತಡೆಯುತ್ತಾನೆ (3.6). ಆಕೆ ಸುಮ್ಮನಾಗುತ್ತಾಳೆ. ಆದರೆ ಸ್ವಲ್ಪ ಹೊತ್ತಿನ ಬಳಿಕ (3.8) ಎರಡೇ ಪ್ರಶ್ನೆಗಳನ್ನು ಹರಿತ ಮಾಡಿಕೊಂಡು ಮತ್ತೆ ಎದ್ದು ನಿಲ್ಲುತ್ತಾಳೆ, ಆಗಲೇ ಅಕ್ಷರದ, ಅಂದರೆ ನಾಶವಿಲ್ಲದ ತತ್ತ್ವದ, ಉಪದೇಶ ಹೊರಬರುವುದು. ಒಂದರ ಹಿಂದೊಂದು ಪ್ರಶ್ನೆ ಎಸೆಯುವ ಸದಸ್ಯರಿಗೆ ಈ ಎರಡು ಭಾಗಗಳನ್ನೂ ಓದಿಸಿ, ಮುಂದಿನ ವಾರ ಎರಡೇ ಪ್ರಶ್ನೆ ಬರೆದು ತರಲು ಹೇಳಿ.

ಅನುಭವದ ಮಾತು

ಧ್ಯಾನ ಮಾಡುವವರು ಗುಂಪಿನಲ್ಲಿದ್ದರೆ ಬೆಳಕು ಕಂಡಿತು, ನಾದ ಕೇಳಿತು, ದೇಹ ಹಗುರಾಯಿತು ಎಂಬ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಒಬ್ಬರು ಹೇಳಿದರೆ ಮರುವಾರ ಇನ್ನೊಬ್ಬರಿಗೂ ಆಗಿರುತ್ತದೆ, ಏನೂ ಆಗದವರು ತಾವು ಹಿಂದೆ ಬಿದ್ದೆವೆಂದು ಕುಗ್ಗುತ್ತಾರೆ. ಬೌದ್ಧ ವಿನಯದಲ್ಲಿ, ಅಂದರೆ ಭಿಕ್ಷುಗಳ ನಿಯಮಗಳಲ್ಲಿ, ಇದಕ್ಕೆ ಕಟ್ಟುನಿಟ್ಟಾದ ನಿಯಮವಿದೆ. ಇಲ್ಲದ ಸಿದ್ಧಿಯನ್ನು ಇದೆ ಎಂದು ಬೇಕೆಂದೇ ಹೇಳಿಕೊಂಡ ಭಿಕ್ಷು ಸಂಘದಿಂದಲೇ ಹೊರಗೆ. ನಿಜವಾಗಿ ಇದ್ದರೂ ಉಪಸಂಪದೆ (ಪೂರ್ಣ ದೀಕ್ಷೆ) ಆಗದವರ ಮುಂದೆ ಹೇಳಿಕೊಂಡರೆ ಅದೂ ದೋಷವೇ. ಅಧ್ಯಯನದ ಗುಂಪಿಗೂ ಇದೇ ಒಳ್ಳೆಯ ದಾರಿ: ವೈಯಕ್ತಿಕ ಧ್ಯಾನಾನುಭವ ಗುರುವಿನ ಬಳಿ, ಗೋಷ್ಠಿಯಲ್ಲಿ ಪಠ್ಯ.

ಇದಕ್ಕೆ ಒಂದು ಅಪವಾದವಿದೆ, ಅದನ್ನು ಎಲ್ಲರೂ ತಿಳಿದಿರಬೇಕು. ಯಾರಾದರೂ ದಿನಗಟ್ಟಲೆ ನಿದ್ದೆ ಬರುತ್ತಿಲ್ಲ ಎಂದರೆ, ಸುತ್ತಲಿನದೆಲ್ಲ ನಿಜವಲ್ಲವೆಂಬಂತೆ ಕಂಡು ಭಯವಾಗುತ್ತಿದೆ ಎಂದರೆ, ಬದುಕು ಸಾಕು ಎಂಬ ಮಾತಾಡಿದರೆ, ಅದನ್ನು ವೈರಾಗ್ಯವೆಂದೋ ಸಾಧನೆಯ ಹಂತವೆಂದೋ ವಿವರಿಸಲು ಕೂರಬೇಡಿ. ತೀವ್ರ ಧ್ಯಾನದಿಂದ ಕೆಲವರಿಗೆ ಇಂಥ ತೊಂದರೆ ಆಗುವುದುಂಟು, ಮೊದಲೇ ಇದ್ದ ಕಾಯಿಲೆ ಉಲ್ಬಣಿಸುವುದೂ ಉಂಟು. ಅಭ್ಯಾಸ ನಿಲ್ಲಿಸಲು ಹೇಳಿ, ಮನೆಯವರಿಗೆ ತಿಳಿಸಿ, ಮನೋವೈದ್ಯರ ಬಳಿ ಜೊತೆಯಲ್ಲೇ ಹೋಗಿ. ನಡೆಯುತ್ತಿರುವ ಔಷಧಿಯನ್ನು ಸಾಧನೆಗಾಗಿ ಬಿಡಿ ಎಂದು ಯಾರೂ ಯಾರಿಗೂ ಹೇಳಕೂಡದು.

ಗೋಷ್ಠಿಯಲ್ಲಿ ಒಬ್ಬರು ಹೇಳಿಕೊಂಡ ಸ್ವಂತ ವಿಷಯ ಹೊರಗೆ ಹೋಗಬಾರದು ಎಂಬ ಒಪ್ಪಂದ ಮೊದಲ ದಿನವೇ ಆಗಲಿ. ಧ್ವನಿಮುದ್ರಣ ಬೇಡ, ಮುದ್ರಣ ನಡೆಯುತ್ತಿದ್ದರೆ ಜನ ಪ್ರವಚನದ ಧಾಟಿಗೆ ತಿರುಗುತ್ತಾರೆ. ಹಣದ ವಿಷಯದಲ್ಲಿ ಜಾಗದ ಬಾಡಿಗೆ ಇದ್ದರೆ ಸಮನಾಗಿ ಹಂಚಿಕೊಳ್ಳಿ, ಅದರಾಚೆ ಯಾವ ಸಂಗ್ರಹವೂ ಬೇಡ. ಯಾರಾದರೂ ಗುಂಪಿನೊಳಗೆ ದೀಕ್ಷೆ ಕೊಡಲು, ಪಾದ ಮುಟ್ಟಿಸಿಕೊಳ್ಳಲು, ಸಾಮಾನು ಮಾರಲು ತೊಡಗಿದರೆ ಆ ವಾರವೇ ಎಲ್ಲರೆದುರು ಮಾತಾಡಿ ನಿಲ್ಲಿಸಬೇಕು. ಮುಂದೂಡಿದಷ್ಟೂ ಅವರ ಹಿಂದೆ ಜನ ಸೇರುತ್ತಾರೆ.

ದೂರದಲ್ಲಿರುವವರು ವಿಡಿಯೊ ಕರೆಯಲ್ಲಿ ಸೇರುವುದಾದರೆ ಸಮಯವನ್ನು ಒಂದು ಗಂಟೆಗೆ ಇಳಿಸಿ, ಜನ ಎಂಟರೊಳಗಿರಲಿ. ಒಟ್ಟಿಗೆ ಪಠಿಸಲು ಹೋಗಬೇಡಿ, ಧ್ವನಿ ತಡವಾಗಿ ತಲಪುವುದರಿಂದ ಗದ್ದಲವಷ್ಟೇ ಆಗುತ್ತದೆ. ಒಬ್ಬರು ಓದಲಿ, ಉಳಿದವರು ಮೈಕ್ ಆಫ್ ಮಾಡಿಕೊಂಡು ತಮ್ಮಲ್ಲೇ ಹೇಳಿಕೊಳ್ಳಲಿ. ಅರ್ಧ ಜನ ಕೋಣೆಯಲ್ಲಿ, ಅರ್ಧ ಜನ ಪರದೆಯಲ್ಲಿ ಇರುವ ವ್ಯವಸ್ಥೆ ಎಲ್ಲಕ್ಕಿಂತ ಕಷ್ಟದ್ದು, ಪರದೆಯವರು ಹತ್ತು ನಿಮಿಷದಲ್ಲಿ ಪ್ರೇಕ್ಷಕರಾಗಿಬಿಡುತ್ತಾರೆ. ಅನಿವಾರ್ಯವಾದರೆ ಪ್ರತಿ ಸುತ್ತಿನಲ್ಲೂ ಮೊದಲ ಮಾತು ಅವರದಾಗಲಿ.

ಹೊಸಬರನ್ನು ಅಧ್ಯಾಯದ ಆರಂಭದಲ್ಲಿ ಮಾತ್ರ ಸೇರಿಸಿಕೊಳ್ಳಿ. ನಡುವೆ ಬಂದವರು ಒಂದೆರಡು ಗೋಷ್ಠಿ ಬರೀ ಕೇಳಲಿ. ಗ್ರಂಥ ಮುಗಿದಾಗ ಕೊನೆಯ ಗೋಷ್ಠಿಯಲ್ಲಿ ಮೂಲವನ್ನು ಮೊದಲಿಂದ ಕೊನೆಯವರೆಗೆ, ವ್ಯಾಖ್ಯಾನವಿಲ್ಲದೆ, ಒಂದೇ ಓಟದಲ್ಲಿ ಓದಿ. ಕಠ ಉಪನಿಷತ್ತಾದರೂ ಒಂದು ಗಂಟೆಯೊಳಗೆ ಮುಗಿಯುತ್ತದೆ. ಆಮೇಲೆ ಮೂರು ವಾರ ರಜೆ. ಬಿಡಬೇಕೆಂದಿದ್ದವರಿಗೆ ಬಿಡಲು ಅದು ಸರಿಯಾದ ಹೊತ್ತು, ಕಾರಣ ಕೇಳುವ ಅಗತ್ಯವಿಲ್ಲ. ಮುಂದುವರಿಯುವವರು ಹೊಸ ಗ್ರಂಥದ ಹೆಸರನ್ನೂ ಮೊದಲ ನಾಲ್ಕು ಗೋಷ್ಠಿ ನಡೆಸುವವರ ಹೆಸರನ್ನೂ ರಜೆಗೆ ಮುಂಚೆಯೇ ನೋಟ್‌ಪುಸ್ತಕದಲ್ಲಿ ಬರೆದಿಡಲಿ. ಬರೆದಿಡದೆ ರಜೆಗೆ ಹೋದರೆ ಮತ್ತೆ ಸೇರುವ ದಿನವನ್ನು ಮುಂದಕ್ಕೆ ಹಾಕುತ್ತಲೇ ಹೋಗುತ್ತಾರೆ.